ತುಂಗಭದ್ರೆಯ ಮರಳಲ್ಲಿ ಹಿಮದ ತಾಲೀಮು

ಫೆಬ್ರುವರಿಯಲ್ಲಿ ಸ್ಕೀ ಹಿಡಿದು ಗುಲ್ಮಾರ್ಗ್‌ಗೆ ಹೊರಡಬೇಕಿದ್ದ ನಾವು ನಾಲ್ವರು, ಸಂಕ್ರಾಂತಿ ಮುಗಿದ ಭಾನುವಾರ ಬೆಳಿಗ್ಗೆ ಆರೂವರೆಗೇ ಆನೆಗೊಂದಿ ಹತ್ತಿರ ಹೊಳೆ ದಂಡೆಯಲ್ಲಿ ಸೇರಿದೆವು. ಕೊಪ್ಪಳ ಸೀಮೆಯಲ್ಲಿ ಹಿಮ ಎಲ್ಲಿಂದ ಬರಬೇಕು? ಆದರೆ ಹಿಮ ಜಾರಿ ಅದರಡಿ ಹೂತವರನ್ನು ಬೀಕನ್ (ಎಲ್ಲರೂ ಮೈಗೆ ಕಟ್ಟಿಕೊಳ್ಳುವ, ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಪುಟ್ಟ ಯಂತ್ರ) ಹಿಡಿದು ಹುಡುಕುವುದನ್ನು ಮರಳಲ್ಲೂ ಕಲಿಯಬಹುದು. ಗುಲ್ಮಾರ್ಗ್‌ನ ಅಫರ್ವಾಟ್ ಬೆಟ್ಟದಲ್ಲಿ ಕಾವಲಿರುವ ಇಳಿಜಾರು ಬಿಟ್ಟು ಆಚೆ ಹೋದಮೇಲೆ ಜೊತೆಗಾರರೇ ದಿಕ್ಕು. ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವವರೇ ಹೆಚ್ಚು, ಆಮೇಲೆ ಉಸಿರುಗಟ್ಟಿ ಆಸೆ ಬೇಗ ಕುಸಿಯುತ್ತದೆ.

ಮೊದಲು ಹಿಮ ಯಾಕೆ ಜಾರುತ್ತದೆ ಎಂಬುದನ್ನು ನೋಡಿದೆವು. ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗಿದ್ದು, ನೆಲ ಬೆಚ್ಚಗೆ, ಮೇಲಿನ ಗಾಳಿ ಕೊರೆಯುವಂತೆ ಇದ್ದರೆ, ತಳದ ಹಿಮ ಸಕ್ಕರೆ ಹರಳಿನಂತಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ. ಆಮೇಲೆ ಗಾಳಿ ತಂದು ಒತ್ತಿದ ಹಿಮ ಅದರ ಮೇಲೆ ಗಟ್ಟಿ ಚಪ್ಪಡಿಯಾಗಿ ಕೂರುತ್ತದೆ. ಹಲಗೆಯ ಮೇಲೆ ಬಿಳಿಜೋಳ ಹರವಿ, ಅದರ ಮೇಲೆ ಶಹಾಬಾದ್ ಕಲ್ಲಿನ ತುಂಡಿಟ್ಟು, ಒಂದು ತುದಿ ನಿಧಾನಕ್ಕೆ ಎತ್ತಿದೆವು. ಮೊಬೈಲ್‌ನ ಕೋನಮಾಪಕ 30 ಡಿಗ್ರಿ ತೋರಿಸುವ ಮೊದಲೇ ಕಲ್ಲು ಸರ್ರನೆ ಇಳಿಯಿತು. ಜೋಳ ತೆಗೆದು ಕಲ್ಲನ್ನು ಬರೀ ಹಲಗೆಯ ಮೇಲಿಟ್ಟಾಗ ಅದೇ ಓರೆಗೆ ಕದಲಲಿಲ್ಲ. ಬೆಟ್ಟದಲ್ಲಿ ಚಪ್ಪಡಿ ಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಲ್ಲಿ ಆಗುತ್ತದೆ, ಸ್ಕೀಗೆ ಚೆಂದ ಅನ್ನಿಸುವುದೂ ಅದೇ ಇಳಿಜಾರು. ಕಾಲಡಿ 'ವುಂಫ್' ಎಂದು ಹಿಮ ಕುಸಿದರೆ, ಸ್ಕೀ ಮುಂದೆ ಬಿರುಕು ಓಡಿದರೆ, ಅಲ್ಲಿಂದಲೇ ಹಿಂದಿರುಗಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಇನ್ನು ಹುಡುಕಾಟ. ಬೀಕನ್ ಒಂದನ್ನು ಚೀಲದಲ್ಲಿಟ್ಟು ಎರಡಡಿ ಆಳಕ್ಕೆ ಹೂತೆವು. ಎಲ್ಲ ಬೀಕನ್‌ಗಳೂ 457 ಕಿಲೋಹರ್ಟ್ಜ್‌ನಲ್ಲೇ ಮಾತಾಡುವುದರಿಂದ ಯಾವ ಕಂಪನಿಯದಾದರೂ ನಡೆಯುತ್ತದೆ. ಬಾಣದ ಗುರುತು ನೇರ ದಾರಿ ತೋರಿಸುವುದಿಲ್ಲ, ಬಾಗಿದ ದಾರಿಯಲ್ಲಿ ಕರೆದೊಯ್ಯುತ್ತದೆ. ಬಾಣದ ಜೊತೆ ದೂರ ತೋರಿಸುವ ಅಂಕಿ ಇಳಿಯುತ್ತಿದ್ದರೆ ಸರಿ, ಏರಿದರೆ ಹಿಂದೆ ತಿರುಗಬೇಕು.

"ಅಣ್ಣಾ, ನಂಬರ್ ನಿಲ್ಲವಲ್ದು!"

"ಮೊಬೈಲ್ ಎಲ್ಲಿ ಇಟ್ಟೀಯೋ?"

ಎದೆಯ ಜೇಬಲ್ಲಿತ್ತು. ಹುಡುಕುವಾಗ ಮೊಬೈಲ್, ಬಿಸಿ ಕೈಗವಸು, ಕ್ಯಾಮೆರಾ ಬೀಕನ್‌ನಿಂದ ಅರ್ಧ ಮೀಟರ್‌ಗೂ ಆಚೆ ಇರಬೇಕು, ಆಫ್ ಆಗಿದ್ದರೆ ಇನ್ನೂ ಒಳ್ಳೆಯದು.

ಅಂಕಿ 3 ಮೀಟರ್‌ಗೆ ಇಳಿದಮೇಲೆ ಓಡುವಂತಿಲ್ಲ. ಬಗ್ಗಿ, ಬೀಕನ್ನನ್ನು ನೆಲಕ್ಕೆ ತಾಗುವಂತೆ ಹಿಡಿದು, ಅದರ ಮುಖ ತಿರುಗಿಸದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸರಿಸಬೇಕು. ಅತಿ ಕಡಿಮೆ ಅಂಕಿ ಬಂದಲ್ಲಿಂದ ಪ್ರೋಬ್ (ಹೂತವರನ್ನು ತಡಕುವ ಉದ್ದನೆಯ ಸಣ್ಣ ಕೋಲು) ಚುಚ್ಚುವುದು ಶುರು: ಇಳಿಜಾರಿನ ಮೈಗೆ ಲಂಬವಾಗಿ, 25 ಸೆಂಟಿಮೀಟರ್‌ಗೊಂದರಂತೆ, ಸುರುಳಿಯಾಗಿ ಹೊರಕ್ಕೆ. ಕಲ್ಲು ತಗುಲಿದರೆ ಅಂಗೈ ಜುಮ್ಮೆನ್ನುತ್ತದೆ, ಚೀಲ ತಗುಲಿದರೆ ಮೆತ್ತಗೆ ಪುಟಿಯುತ್ತದೆ. ಈ ವ್ಯತ್ಯಾಸ ಕೈಗೆ ಕೂರುವತನಕ ಬೇರೇನೂ ಮಾಡಲಿಲ್ಲ. ತಗುಲಿದ ಪ್ರೋಬ್ ಕೀಳಬಾರದು.

ಅಗೆಯುವುದರಲ್ಲೇ ಎಲ್ಲರೂ ಎಡವಿದ್ದು. ಪ್ರೋಬ್ ಬುಡದಲ್ಲೇ ಸಲಿಕೆ ಹಾಕಿದರೆ ಗುಂಡಿಯ ಬದಿ ಜಾರಿ ಮತ್ತೆ ಮುಚ್ಚುತ್ತದೆ, ಹೂತವರ ಉಸಿರಿನ ಜಾಗವನ್ನೂ ನಾವೇ ತುಳಿಯುತ್ತೇವೆ. ಹೂತ ಆಳದ ಒಂದೂವರೆ ಪಟ್ಟು ದೂರ ಇಳಿಜಾರಲ್ಲಿ ಕೆಳಗಿಳಿದು ಅಡ್ಡಕ್ಕೆ ಅಗೆಯುತ್ತಾ ಒಳಗೆ ಹೋಗಬೇಕು. ಜಾರಿ ನಿಂತ ಹಿಮ ಸಿಮೆಂಟಿನಂತೆ ಬಿಗಿಯುವುದರಿಂದ ಸಲಿಕೆ ಲೋಹದ್ದೇ ಆಗಬೇಕು.

ಮೊದಲ ಸುತ್ತಿಗೆ ಹನ್ನೊಂದು ನಿಮಿಷ, ಐದನೆಯದಕ್ಕೆ ನಾಲ್ಕೂವರೆ. ಅಷ್ಟರಲ್ಲಿ ಬಿಸಿಲು ಏರಿ ಮರಳು ಕಾದಿತ್ತು. ಬೀಕನ್‌ಗಳ ಸೆಲ್ ಬಿಚ್ಚಿ ಬೇರೆ ಡಬ್ಬಿಗೆ ಹಾಕಿದೆವು. ಗುಲ್ಮಾರ್ಗ್‌ನಲ್ಲಿ ಹೊಸ ಆಲ್ಕಲೈನ್ ಸೆಲ್‌ಗಳನ್ನೇ ಹಾಕಬೇಕು. ಚಾರ್ಜ್ ಮಾಡುವ ಸೆಲ್ ಹಾಕಿದರೆ ಉಳಿದ ಶಕ್ತಿಯನ್ನು ಬೀಕನ್ ತಪ್ಪು ತೋರಿಸುತ್ತದೆ.