‘ಆಗಲಿಲ್ಲ’ ಎಂದು ಬರೆದವನು

ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಭಾನುವಾರ, ಕಪಾಟಿನ ಕೆಳಗಿನ ಅರೆಯಿಂದ ಹಳೆಯ ಡೈರಿಗಳನ್ನು ಹೊರತೆಗೆದೆ. ಬ್ಯಾಂಕುಗಳೂ ಸೊಸೈಟಿಗಳೂ ಜನವರಿಯಲ್ಲಿ ಪುಕ್ಕಟೆ ಕೊಡುವ ಡೈರಿಗಳವು. ಕರಾವಳಿಯ ತೇವಕ್ಕೆ ರಟ್ಟು ಉಬ್ಬಿ, ಅಂಚಿಗೆ ಬೂಷ್ಟು ಹಿಡಿದು, ಕೆಲವು ಪುಟಗಳಲ್ಲಿ ಶಾಯಿ ಹಿಂಬದಿಗೂ ಇಳಿದಿತ್ತು. ಒರೆಸಿ ಇಡುವುದಷ್ಟೇ ಉದ್ದೇಶವಾಗಿತ್ತು, ಓದುವುದಲ್ಲ.

2016ರ ಜುಲೈ ತಿಂಗಳ ಒಂದು ಪುಟದಲ್ಲಿ ಹೀಗಿತ್ತು: “ಅಮ್ಮನ ಕಣ್ಣಿನ ಪೊರೆಯ ಆಪರೇಷನ್. ಹೋಗಲು ಆಗಲಿಲ್ಲ. ಅಣ್ಣ ಇದ್ದ. ವಿಪರೀತ ಮಳೆ.”

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮಂಗಳೂರಿನಿಂದ ಉಡುಪಿಗೆ 60 ಕಿಲೋಮೀಟರೂ ಇಲ್ಲ; ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಬೆನ್ನಿಗೊಂದು ಹೊರಡುತ್ತವೆ, ಮಳೆಗೆ ಅಂದು ಯಾವುದೂ ನಿಂತಿರಲಿಲ್ಲ. ನಾನು ಬಾಡಿಗೆ ಕೋಣೆಯಲ್ಲಿ ಹತ್ತು ಗಂಟೆಯವರೆಗೆ ಮಲಗಿದ್ದು, ಬಳಿಕ ಹಂಪನಕಟ್ಟೆಗೆ ಹೋಗಿ ಎರಡು ಸಲ ಕಾಫಿ ಕುಡಿದು, ಕೊಡೆ ಮಡಚಿಕೊಂಡು ಕೋಣೆಗೆ ಮರಳಿದ್ದೆ. ಹಿಂದಿನ ವಾರ ಹಣದ ವಿಷಯದಲ್ಲಿ ಅಣ್ಣ ಆಡಿದ್ದ ಒಂದು ಮಾತಿಗಾಗಿ ಅವನ ಮುಖ ನೋಡಬಾರದೆಂದು ನಿಶ್ಚಯಿಸಿದ್ದೆ, ಅಷ್ಟೇ ಕಾರಣ.

ಅನಂತರ ಆ ವರ್ಷದ ಡೈರಿಯನ್ನೆಲ್ಲ ಕ್ರಿಯಾಪದಗಳ ಮೇಲೆಯೇ ಕಣ್ಣಿಟ್ಟು ಓದಿದೆ. ಜಗಳವಾಯಿತು, ತಡವಾಯಿತು, ಮಾತು ಬೆಳೆಯಿತು, ನನಗೆ ಸಿಟ್ಟು ಬಂತು. ಜಗಳ ತಾನಾಗಿ ಆಗಿದೆ, ಸಿಟ್ಟು ಎಲ್ಲಿಂದಲೋ ಬಂದಿದೆ. ನಾನು ಮಾತ್ರ ಚತುರ್ಥಿ ವಿಭಕ್ತಿಯಲ್ಲಿ, ಬಂದದ್ದನ್ನು ಸ್ವೀಕರಿಸುವವನಾಗಿ, ಒಂದು ಬದಿಯಲ್ಲಿ ಕುಳಿತಿದ್ದೇನೆ. ‘ನಾನು’ ಎಂಬ ಪದ ಇದ್ದದ್ದು ಹೆಚ್ಚಾಗಿ ಒಳ್ಳೆಯ ಕೆಲಸಗಳ ಮುಂದೆ. ನಮ್ಮ ಮನೆಮಾತಾದ ತುಳುವಿನಲ್ಲಾದರೂ ಬೇರೆ ರೀತಿ ಇದೆಯೇ ಎಂದು ನೋಡಿದರೆ, ಅಲ್ಲಿಯೂ ‘ಎಂಕ್ ಕೋಪ ಬತ್ತ್ಂಡ್’ ಎಂದೇ ಹೇಳಬೇಕು. ಇದರಲ್ಲಿ ಭಾಷೆಯ ತಪ್ಪೇನೂ ಇಲ್ಲ. ಸಿಟ್ಟು ನಿಜವಾಗಿಯೂ ಬರುವಂಥದ್ದೇ. ಆದರೆ ಬಂದ ಸಿಟ್ಟನ್ನು ಒಂದು ವಾರ ಕಾಪಾಡಿಕೊಂಡವನು ಯಾರೆಂಬುದನ್ನು ನನ್ನ ವಾಕ್ಯಗಳು ಹೇಳಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಡನೆ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಜೊತೆಗೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಇಂಥ ಬರಹಗಳ ಪದಗಳನ್ನು ಅವರ ತಂಡ ಮುಂದೆ ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ ‘ಏಕೆಂದರೆ’, ‘ಅರ್ಥವಾಯಿತು’ ಎಂಬ ಬಗೆಯ ಪದಗಳು ಹೆಚ್ಚಿದವರಿಗೆ ಪ್ರಯೋಜನವೂ ಹೆಚ್ಚಾಗಿತ್ತು. (ಕನ್ನಡದಲ್ಲಿ ಅರ್ಥವೂ ‘ಆಗುವ’ ವಸ್ತುವೇ ಎಂಬುದು ಬೇರೆ ಮಾತು.) ನನ್ನ 2016ರ ಡೈರಿಯಲ್ಲಿ ‘ಏಕೆಂದರೆ’ ಎಂಬ ಪದ ಒಮ್ಮೆಯೂ ಕಾಣಲಿಲ್ಲ.

ಹೀಗಾಗಿ ಈಗ ಬರೆದು ಮುಗಿಸಿದ ಮೇಲೆ ಒಮ್ಮೆ ಕೆಂಪು ಪೆನ್ನು ಹಿಡಿದು ‘ಆಯಿತು’ಗಳನ್ನು ಹುಡುಕುತ್ತೇನೆ. ಎಲ್ಲವನ್ನೂ ತಿದ್ದುವುದಿಲ್ಲ, ಹಾಗೆ ತಿದ್ದಿದರೆ ಮಳೆಯನ್ನೂ ನಾನೇ ಸುರಿಸಿದೆ ಎಂದಾದೀತು, ಅದೂ ಒಂದು ಬಗೆಯ ಅಹಂಕಾರವೇ. ತಿದ್ದಲು ಕೈ ಹಿಂಜರಿಯುವ ವಾಕ್ಯವನ್ನು ಮಾತ್ರ ಬಿಡುವುದಿಲ್ಲ.

ನಿನ್ನೆ ರಾತ್ರಿ ಬರೆದದ್ದು: “ಅಮ್ಮನಿಗೆ ಫೋನ್ ಮಾಡುವುದು ಮರೆತುಹೋಯಿತು.” ಅದನ್ನು ಹೊಡೆದು ಹಾಕಿ ‘ಮರೆತೆ’ ಎಂದು ಬರೆದೆ. ಅದೂ ಪೂರ್ತಿ ನಿಜವಲ್ಲ. ಸಂಜೆ ಎರಡು ಸಲ ನೆನಪಾಗಿತ್ತು. ಮತ್ತೆ ಹೊಡೆದು, ಪಕ್ಕದಲ್ಲಿ ಜಾಗವಿಲ್ಲದೆ ಕೆಳಗಿನ ಗೆರೆಯಲ್ಲಿ ಬರೆದೆ: “ನಾನು ಫೋನ್ ಮಾಡಲಿಲ್ಲ, ಏಕೆಂದರೆ”