ಶಾಕ್‌ಗೆ ಕೈ ಹಾಕುವ ಮುಂಚೆ ಲಿಂಕೇಜ್ ನೋಡಿ

ಹಳೆಯ ಸ್ಪೋರ್ಟ್ಸ್ ಬೈಕ್‌ಗಳ ಸಸ್ಪೆನ್ಷನ್ ಕೆಲಸವೇ ನನ್ನ ಉದ್ಯೋಗ. 20, 30 ವರ್ಷ ಓಡಿದ 600, 750 ಸಿಸಿ ಬೈಕ್‌ಗಳು ಬರುತ್ತಲೇ ಇರುತ್ತವೆ. ತರುವವರ ದೂರು ಹೆಚ್ಚುಕಡಿಮೆ ಒಂದೇ. ಹಿಂಭಾಗ ಗಡುಸಾಗಿದೆ, ಸಣ್ಣ ಗುಂಡಿಗೂ ಬೆನ್ನಿಗೆ ಹೊಡೆಯುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರದ ಮೇಲೆ ನಂಬಿಕೆ ಬರುವುದಿಲ್ಲ. ತೀರ್ಮಾನವನ್ನೂ ಅವರೇ ಮಾಡಿಕೊಂಡು ಬಂದಿರುತ್ತಾರೆ: ಶಾಕ್ ಅಬ್ಸಾರ್ಬರ್ ಹೋಗಿದೆ, ರೀಬಿಲ್ಡ್ ಮಾಡಿಕೊಡಿ.

ಶಾಕ್ ಹೋಗಿರುತ್ತದೆ, ಅದು ನಿಜ. ಅಷ್ಟು ವರ್ಷ ಎಣ್ಣೆಯನ್ನೇ ಬದಲಾಯಿಸದ ಶಾಕ್ ಇನ್ನು ಹೇಗಿರುತ್ತದೆ? ಆದರೂ ನಾನು ಮೊದಲು ನೋಡುವುದು ಶಾಕ್ ಅಲ್ಲ, ಅದರ ಕೆಳಗಿರುವ ಲಿಂಕೇಜ್, ಅಂದರೆ ಹಿಂದಿನ ಚಕ್ರದ ಓಡಾಟವನ್ನು ಶಾಕ್‌ಗೆ ತಲುಪಿಸುವ ಸನ್ನೆಗಳ ಜೋಡಣೆ. ಜೊತೆಗೆ ಕೆಲಸ ಕಲಿಯುವ ಹುಡುಗರಿಗೂ ಮೊದಲು ಹೇಳಿಕೊಡುವುದು ಇದನ್ನೇ. ಲಿಂಕೇಜ್ ಬಿಗಿದುಕೊಂಡ ಬೈಕ್‌ಗೆ ಎಂಥ ಒಳ್ಳೆಯ ಶಾಕ್ ಹಾಕಿದರೂ ಅದು ಕೀಲುಗಳಿಗೆ ತುಕ್ಕು ಹಿಡಿದ ಬಾಗಿಲಿಗೆ ಹೊಸ ಚಿಲಕ ಹಾಕಿದ ಹಾಗೆ.

ಮೊದಲು ಈ ಲಿಂಕೇಜ್ ಯಾಕೆ ಬಂತು ಅಂತ ನೋಡೋಣ. ಬೈಕ್‌ನ ಹಿಂಭಾಗದಲ್ಲಿ ಒಂದೇ ಶಾಕ್ ಇಡುವ ಪದ್ಧತಿಗೆ ಹೆಸರು ತಂದದ್ದು ಯಮಹಾ. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ ಕೊಟ್ಟ ವಿನ್ಯಾಸ ಅದು. ಅಂಥ ಬೈಕ್ ಮೇಲೆ 1973ರಲ್ಲಿ ಹಾಕನ್ ಆಂಡರ್ಸನ್ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದರು. ಆ ಬೈಕ್‌ನಲ್ಲಿ ಲಿಂಕೇಜ್ ಇರಲಿಲ್ಲ, ಉದ್ದನೆಯ ಶಾಕ್ ಟ್ಯಾಂಕ್ ಕೆಳಗೆ ಮಲಗಿತ್ತು. ಆಮೇಲೆ ಹೋಂಡಾದ ಪ್ರೊ-ಲಿಂಕ್, ಕವಾಸಾಕಿಯ ಯುನಿ-ಟ್ರ್ಯಾಕ್, ಸುಜುಕಿಯ ಫುಲ್ ಫ್ಲೋಟರ್ ಬಂದವು. ಹೆಸರು ಬೇರೆ ಬೇರೆ, ಉದ್ದೇಶ ಒಂದೇ. ಚಕ್ರ ಮೇಲೆ ಹೋದಷ್ಟೂ ಶಾಕ್ ಹೆಚ್ಚು ಹೆಚ್ಚು ಒತ್ತಬೇಕು. ಆಗ ಸಣ್ಣ ಗುಂಡಿಗೆ ಮೆತ್ತಗಿದ್ದು ದೊಡ್ಡ ಹೊಡೆತಕ್ಕೆ ಗಟ್ಟಿಯಾಗುತ್ತದೆ.

ಇದಕ್ಕೆ ನಾವು ಕೊಡುವ ಬೆಲೆ ಅಂದರೆ ಕೀಲುಗಳು. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಪಿವಟ್, ಶಾಕನ್ನು ಒತ್ತುವ ಸನ್ನೆಯಾದ ರಾಕರ್, ಅದಕ್ಕೆ ಸೇರಿದ ಎರಡು ತುದಿಯ ಟೈ ರಾಡ್, ಶಾಕ್‌ನ ಕೆಳಗಿನ ಕಣ್ಣು (ಬೋಲ್ಟ್ ತೂರುವ ರಂಧ್ರ), ಎಲ್ಲದರಲ್ಲೂ ಬೇರಿಂಗ್ ಇಲ್ಲವೇ ಬುಷ್ ಇರುತ್ತದೆ. ಇದರ ಜೊತೆ ಇನ್ನೊಂದು ಲೆಕ್ಕವೂ ಇದೆ. ಸ್ಪೋರ್ಟ್ಸ್ ಬೈಕ್‌ನಲ್ಲಿ ಹಿಂದಿನ ಚಕ್ರ 120–130 ಮಿಮೀ ಓಡಾಡಿದರೆ ಶಾಕ್ ಒತ್ತುವುದು ಸುಮಾರು ಅದರ ಅರ್ಧದಷ್ಟು ಮಾತ್ರ. ಹಾಗಾಗಿ ಶಾಕ್ ಕಣ್ಣಿನ ಹತ್ತಿರ 1 ಮಿಮೀ ಸಡಿಲ ಇದ್ದರೆ ಚಕ್ರದಲ್ಲಿ ಅದು 2 ಮಿಮೀ ಆಗಿ ಕಾಣುತ್ತದೆ.

ಬೈಕ್ ಬಿಚ್ಚುವ ಮುಂಚೆಯೇ ಈ ಕೀಲುಗಳ ಸ್ಥಿತಿ ತಿಳಿಯಲು ಒಂದು ಅಳತೆ ಟೇಪ್ ಸಾಕು. ಆಕ್ಸಲ್‌ನಿಂದ ನೇರ ಮೇಲಕ್ಕೆ, ಟೇಲ್ ಪ್ಯಾನೆಲ್ ಮೇಲೆ ಒಂದು ಗುರುತು ಮಾಡಿ. ಚಕ್ರ ನೆಲ ಬಿಟ್ಟಾಗ ಎಷ್ಟು ದೂರ ಅಂತ ಬರೆದಿಟ್ಟುಕೊಳ್ಳಿ. ಈಗ ಸವಾರ ತನ್ನ ಜಾಕೆಟ್, ಹೆಲ್ಮೆಟ್ ಸಮೇತ ಕೂರಲಿ. ಸೀಟನ್ನು ಕೆಳಕ್ಕೆ ಒತ್ತಿ, ನಿಧಾನವಾಗಿ ಮೇಲೆ ಬರಲು ಬಿಡಿ. ನಿಂತ ಜಾಗದಲ್ಲಿ ಅಳೆಯಿರಿ. ಆಮೇಲೆ ಹಿಂಭಾಗವನ್ನು ಸ್ವಲ್ಪ ಮೇಲಕ್ಕೆ ಎತ್ತಿ, ನಿಧಾನವಾಗಿ ಕೆಳಗೆ ಇಳಿಯಲು ಬಿಡಿ. ಮತ್ತೆ ಅಳೆಯಿರಿ. ಈ ಎರಡು ಅಳತೆ ಒಂದೇ ಬರುವುದಿಲ್ಲ, ಯಾಕೆಂದರೆ ಘರ್ಷಣೆ ಒಂದು ಸಲ ಕೆಳಗೆ ಹಿಡಿದಿಡುತ್ತದೆ, ಇನ್ನೊಂದು ಸಲ ಮೇಲೆ. ಎರಡರ ಸರಾಸರಿಯನ್ನು ಮೊದಲ ಅಳತೆಯಿಂದ ಕಳೆದರೆ ಅದು ಸ್ಯಾಗ್, ಅಂದರೆ ಭಾರಕ್ಕೆ ಹಿಂಭಾಗ ಎಷ್ಟು ಕೂರುತ್ತದೆ ಅನ್ನುವ ಲೆಕ್ಕ. ಎರಡರ ನಡುವಿನ ವ್ಯತ್ಯಾಸವೇ ಘರ್ಷಣೆ.

ಹೆಚ್ಚಿನವರು ಸ್ಯಾಗ್ ಬರೆದುಕೊಂಡು ಆ ವ್ಯತ್ಯಾಸವನ್ನು ಬಿಟ್ಟುಬಿಡುತ್ತಾರೆ. ನನಗೆ ಬೇಕಾಗಿರುವುದೇ ಅದು! ಚೆನ್ನಾಗಿರುವ ಬೈಕ್‌ನಲ್ಲಿ ವ್ಯತ್ಯಾಸ 2–3 ಮಿಮೀ. 10 ಮಿಮೀ ದಾಟಿದರೆ ಎಲ್ಲೋ ಒಂದು ಕೀಲು ಹಿಡಿದುಕೊಂಡಿದೆ ಅಂತಲೇ ಅರ್ಥ.

ತೊಂಬತ್ತರ ದಶಕದ ಒಂದು 600 ಸಿಸಿ ಬೈಕ್ ಈ ಅಳತೆಯನ್ನು ತುಂಬ ಚೆನ್ನಾಗಿ ತೋರಿಸಿಕೊಟ್ಟಿತು. ಅದರ ಮಾಲೀಕರು ಆಗಲೇ ಹೊಸ ಶಾಕ್ ಹಾಕಿಸಿದ್ದರು, ಒಳ್ಳೆಯದನ್ನೇ. "ಸಾರ್, ಇಷ್ಟು ಮಾಡಿಸಿದರೂ ಹಿಂದಿನಿಂದ ಎತ್ತಿ ಎಸೆಯುತ್ತೆ, ಇದಕ್ಕಿಂತ ಹಳೇದೇ ವಾಸಿ ಅನಿಸ್ತಿದೆ" ಅಂದರು. ಶಾಕ್‌ನ ಕಂಪ್ರೆಷನ್ (ಒತ್ತುವಾಗಿನ ತಡೆ) ಪೂರ್ತಿ ಸಡಿಲ, ರಿಬೌಂಡ್ (ವಾಪಸ್ ಬರುವಾಗಿನ ತಡೆ) ಅರ್ಧ ಸಡಿಲ ಮಾಡಿಟ್ಟಿದ್ದರು. ಅಳೆದರೆ ವ್ಯತ್ಯಾಸ 14 ಮಿಮೀ. ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ಚಕ್ರವನ್ನೂ ತೆಗೆದು, ಸ್ವಿಂಗ್ ಆರ್ಮ್ ಮೇಲೆತ್ತಿ ಕೈ ಬಿಟ್ಟೆವು. ಅದು ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯಬೇಕು, ಅಲ್ವಾ? ಇಳಿಯಲಿಲ್ಲ, ಎತ್ತಿದ ಜಾಗದಲ್ಲೇ ನಿಂತಿತು. ಪಕ್ಕದಲ್ಲಿದ್ದ ಹುಡುಗ "ಅಣ್ಣಾ, ಇನ್ನೂ ಏನೋ ಬೋಲ್ಟ್ ಬಿಚ್ಚೋದು ಬಾಕಿ ಇದೆ" ಅಂದ. ಬಾಕಿ ಏನೂ ಇರಲಿಲ್ಲ. ಹಿಡಿದಿದ್ದು ರಾಕರ್‌ನ ಬೇರಿಂಗ್.

ಹೊಸ ಶಾಕ್‌ನ ಮೇಲೆ ಆ ಮಾಲೀಕರಿಗೆ ಬಂದಿದ್ದ ಬೇಸರ ಸಹಜ. ರಾಕರ್ ತಿರುಗದಿದ್ದರೆ ಸಣ್ಣ ಗುಂಡಿಯ ಹೊಡೆತ ಶಾಕ್‌ವರೆಗೆ ಹೋಗುವುದೇ ಇಲ್ಲ, ನೇರವಾಗಿ ಫ್ರೇಮ್‌ಗೆ ಬರುತ್ತದೆ. ದೊಡ್ಡ ಗುಂಡಿ ಬಂದಾಗ ತಡೆ ಒಮ್ಮೆಲೇ ಬಿಟ್ಟು, ಸಡಿಲ ಮಾಡಿಟ್ಟ ಶಾಕ್ ಪೂರ್ತಿ ಕುಸಿಯುತ್ತದೆ. ಸವಾರನಿಗೆ ಗಡುಸು, ಮೆದು ಎರಡೂ ಒಟ್ಟಿಗೇ ಸಿಗುತ್ತದೆ. ಕಂಪ್ರೆಷನ್, ರಿಬೌಂಡ್ ಹೊಂದಿಸುವ ಕ್ಲಿಕ್ಕರ್ ಎತ್ತ ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಇನ್ನು ಬಿಚ್ಚುವ ವಿಷಯ. ಹಿಂದಿನ ಪ್ಯಾಡಕ್ ಸ್ಟ್ಯಾಂಡ್ ಇಲ್ಲಿ ಕೆಲಸಕ್ಕೆ ಬಾರದು. ಅದು ಸ್ವಿಂಗ್ ಆರ್ಮ್ ಹಿಡಿದು ನಿಲ್ಲಿಸುತ್ತದೆ, ಶಾಕ್ ಬೋಲ್ಟ್ ತೆಗೆದ ಕ್ಷಣ ಬೈಕ್ ಕೂತುಬಿಡುತ್ತದೆ. ಫ್ರೇಮ್‌ನಿಂದಲೇ ಎತ್ತಿ ಹಿಡಿಯಬೇಕು. ಬೋಲ್ಟ್ ತೆಗೆಯುವ ಮುಂಚೆ ಚಕ್ರವನ್ನು ಜ್ಯಾಕ್‌ನಿಂದ ಸ್ವಲ್ಪ ಎತ್ತಿ ಹಿಡಿದು ಭಾರ ತಪ್ಪಿಸಿ. ಭಾರ ಸರಿಯಾಗಿ ತಪ್ಪಿದರೆ ಬೋಲ್ಟ್ ಬೆರಳಿನಲ್ಲೇ ಬರುತ್ತದೆ. ಬಾರದಿದ್ದರೆ ಸುತ್ತಿಗೆ ಎತ್ತಬೇಡಿ, ಜ್ಯಾಕ್ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ. ಎರಡು ಕಣ್ಣಿನ ನಡುವೆ ಶಾಕ್ ಎಷ್ಟು ಉದ್ದ ಅಂತಲೂ ಈಗಲೇ ಅಳೆದಿಡಿ. ಕೆಲವು ಬೈಕ್‌ಗಳಲ್ಲಿ ಶಾಕ್‌ನ ಮೇಲಿನ ಮೌಂಟ್‌ನಲ್ಲಿ ಎತ್ತರ ಹೊಂದಿಸುವ ತೆಳು ಸ್ಪೇಸರ್ ಇರುತ್ತದೆ, ಅದು ಎಣ್ಣೆ ಜಿಡ್ಡಿನಲ್ಲಿ ಕಾಣುವುದೇ ಇಲ್ಲ. ಅದನ್ನು ಬಿಟ್ಟರೆ ಹಿಂಭಾಗ ತಗ್ಗಿ ಬೈಕ್ ತಿರುಗುವ ರೀತಿಯೇ ಬದಲಾಗುತ್ತದೆ.

ಬೇರಿಂಗ್ ನೋಡುವಾಗ ಅವಸರ ಮಾಡಬೇಡಿ. ಎಲ್ಲರೂ ಸೂಜಿಗಳನ್ನು, ಅಂದರೆ ಬೇರಿಂಗ್‌ನ ತೆಳು ಉರುಳೆಗಳನ್ನು ನೋಡುತ್ತಾರೆ, ನೀವು ಅವು ಉರುಳುವ ಒಳಗಿನ ಕೊಳವೆ, ಅಂದರೆ ಕಾಲರ್ ತೆಗೆದು ಸ್ವಚ್ಛ ಒರೆಸಿ ಬೆಳಕಿಗೆ ಹಿಡಿಯಿರಿ. ಲಿಂಕೇಜ್ ಬೇರಿಂಗ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುತ್ತದೆ. ಹಾಗಾಗಿ ಪ್ರತಿ ಸೂಜಿಯೂ ಒಂದೇ ಜಾಗದಲ್ಲಿ ತಿಕ್ಕಿ ತಿಕ್ಕಿ ಕಾಲರ್ ಮೇಲೆ ಉದ್ದುದ್ದ ಗೆರೆ ಬೀಳುತ್ತದೆ, ಅದೂ ಭಾರ ಬೀಳುವ ಒಂದೇ ಬದಿಯಲ್ಲಿ. ಗ್ರೀಸ್ ಒಣಗಿದ್ದರೆ ಕೆಂಪು ಪುಡಿ ಅಂಟಿರುತ್ತದೆ. ಉಗುರನ್ನು ಅಡ್ಡಡ್ಡ ಎಳೆಯಿರಿ. ಬರೀ ಹೊಳಪಿನ ಗೆರೆಯಾಗಿ ಉಗುರಿಗೆ ಸಿಗದಿದ್ದರೆ ಕಾಲರ್ ಇನ್ನೂ ಓಡುತ್ತದೆ. ಉಗುರು ಟಕ್ ಟಕ್ ಅಂತ ಸಿಕ್ಕಿಕೊಂಡರೆ ಕಾಲರ್, ಬೇರಿಂಗ್, ಸೀಲ್ ಮೂರನ್ನೂ ಬದಲಾಯಿಸಿ. ಹಳೆಯ ಕಾಲರ್‌ಗೆ ಹೊಸ ಬೇರಿಂಗ್ ಹಾಕಿದರೆ ಆ ಗೆರೆಗಳು ಹೊಸ ಸೂಜಿಯನ್ನೂ ಹಾಳು ಮಾಡುತ್ತವೆ.

ನೀರು ಇಲ್ಲಿಗೆ ಹೋಗುವುದು ಮಳೆಯಿಂದ ಮಾತ್ರವಲ್ಲ. ಲಿಂಕೇಜ್ ಇರುವುದು ಹಿಂದಿನ ಚಕ್ರದ ಮುಂದೆಯೇ, ಎಲ್ಲಕ್ಕಿಂತ ಕೆಳಗೆ. ಚಕ್ರ ಎರಚಿದ್ದೆಲ್ಲ ಅಲ್ಲಿಗೇ ಬೀಳುತ್ತದೆ. ಅದರ ಮೇಲೆ ಚೈನ್ ತೊಳೆಯಲು ಪ್ರೆಷರ್ ವಾಷರ್ ಹಿಡಿದರೆ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ದಯವಿಟ್ಟು ಆ ಜಾಗಕ್ಕೆ ಪ್ರೆಷರ್ ವಾಷರ್ ಬೇಡ. ಬಟ್ಟೆ, ಬ್ರಷ್ ಸಾಕು.

ಬೇರಿಂಗ್ ಹೊರಗೆ ತೆಗೆಯುವ ಮುಂಚೆ ಅದು ಅಂಚಿನಿಂದ ಎಷ್ಟು ಒಳಗಿದೆ ಅಂತ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಸೀಲ್ ಕೂರುವ ಜಾಗ ಅದರ ಮೇಲೆಯೇ ನಿಂತಿದೆ. ಹೊಸದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ. ತೆಳು ಹೊರಕವಚ ಸೊಟ್ಟಗಾದರೆ ಸೂಜಿ ಹಿಡಿದುಕೊಳ್ಳುತ್ತದೆ. ಪ್ರೆಸ್ ಇಲ್ಲದಿದ್ದರೆ ಉದ್ದ ಥ್ರೆಡ್ ರಾಡ್, ನಟ್ಟು, ಸರಿ ಅಳತೆಯ ಸಾಕೆಟ್ ಸಾಕು, ನಿಧಾನವಾಗಿ ಎಳೆದು ಕೂರಿಸಬಹುದು. ಅಕ್ಷರ ಕೆತ್ತಿದ ಬದಿಯ ಮೇಲೆಯೇ ಒತ್ತಬೇಕು. ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟು ಅಲ್ಯೂಮಿನಿಯಂ ರಾಕರ್ ಸ್ವಲ್ಪ ಬಿಸಿ ಮಾಡಿದರೆ ಅರ್ಧ ಕಷ್ಟ ಕಡಿಮೆ. ನೀರಿಗೆ ತೊಳೆದು ಹೋಗದ ಒಳ್ಳೆಯ ಗ್ರೀಸನ್ನು ಸೂಜಿಗಳ ಸಂದಿಗೆ ಬೆರಳಿನಲ್ಲೇ ತುಂಬಿ. ಹೊಸ ಬೇರಿಂಗ್‌ನಲ್ಲಿ ಕಾರ್ಖಾನೆಯಿಂದ ಬರುವ ಎಣ್ಣೆ ತುಕ್ಕು ಹಿಡಿಯದಿರಲು ಮಾತ್ರ, ಅದನ್ನು ಗ್ರೀಸ್ ಅಂತ ನಂಬಬೇಡಿ.

ಟಾರ್ಕ್ ಬಗ್ಗೆಯೂ ಒಂದು ಮಾತು. ಜಾಸ್ತಿ ಬಿಗಿ ಮಾಡಿದರೆ ಲಿಂಕೇಜ್ ಹಿಡಿದುಕೊಳ್ಳುತ್ತದೆ ಅಂತ ಹೆದರಿ ಕೆಲವರು ಬೋಲ್ಟ್ ಸಡಿಲ ಬಿಡುತ್ತಾರೆ. ಸೂಜಿ ಬೇರಿಂಗ್ ಇರುವ ಕಡೆ ಬೋಲ್ಟ್ ಹಿಡಿಯುವುದು ಒಳಗಿನ ಕಾಲರನ್ನು. ಕಾಲರ್ ಅಲುಗಬಾರದು, ಸೂಜಿಗಳು ಅದರ ಮೇಲೆ ಉರುಳಬೇಕು. ಬೋಲ್ಟ್ ಸಡಿಲ ಇದ್ದರೆ ಕಾಲರ್ ಬೋಲ್ಟ್ ಮೇಲೆಯೇ ತಿರುಗಿ ಬೋಲ್ಟನ್ನು ತಿನ್ನುತ್ತದೆ. ಆದ್ದರಿಂದ ಸರ್ವೀಸ್ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹಿಡಿದುಕೊಂಡರೆ ಅದು ಟಾರ್ಕ್‌ನ ತಪ್ಪಲ್ಲ, ಕಾಲರ್ ಉದ್ದದಲ್ಲೋ ವಾಷರ್‌ನಲ್ಲೋ ವ್ಯತ್ಯಾಸ ಇದೆ. ಶಾಕ್ ಕಣ್ಣಿನಲ್ಲಿ ರಬ್ಬರ್ ಬುಷ್ ಇದ್ದರೆ ಲೆಕ್ಕ ಬೇರೆ. ಅದನ್ನು ಬೈಕ್ ತನ್ನ ಭಾರದ ಮೇಲೆ ನಿಂತಾಗ ಪೂರ್ತಿ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ.

ಇಷ್ಟಾದ ಮೇಲೆ ಶಾಕ್. ಇಲ್ಲಿ ಮೊದಲ ಮಾತು ಜೀವಕ್ಕೆ ಸಂಬಂಧಿಸಿದ್ದು. ಒಳಗೆ ನೈಟ್ರೋಜನ್ ಸುಮಾರು 10 ಬಾರ್ ಒತ್ತಡದಲ್ಲಿರುತ್ತದೆ. ಗ್ಯಾಸ್ ಪೂರ್ತಿ ಬಿಡದೆ ಮುಚ್ಚಳಕ್ಕೆ ಕೈ ಹಾಕಬಾರದು, ಶಾಕ್‌ಗೆ ಬೆಂಕಿ ತೋರಿಸಲೇಬಾರದು. ಸ್ಪ್ರಿಂಗ್ ತೆಗೆಯಲು ಸರಿಯಾದ ಕಂಪ್ರೆಸರ್ ಬೇಕು. ಗ್ಯಾಸ್ ತುಂಬುವ, ಎಣ್ಣೆಯ ಗಾಳಿ ತೆಗೆಯುವ ಸಾಮಾನು ಇಲ್ಲದವರು ಶಾಕನ್ನು ಬೈಕ್‌ನಿಂದ ಕಳಚಿ, ಹಾಗೆಯೇ ತಿಳಿದವರಿಗೆ ಕೊಡುವುದೇ ಒಳ್ಳೆಯದು. ಲಿಂಕೇಜ್ ಕೆಲಸ ಮನೆಯಲ್ಲಿ ಮಾಡಬಹುದು, ಇದನ್ನಲ್ಲ.

ಗ್ಯಾಸ್ ಇರುವುದು ಎಣ್ಣೆಯನ್ನು ಒತ್ತಿಹಿಡಿಯಲು. ಒತ್ತಡ ಕಡಿಮೆಯಾದರೆ ಪಿಸ್ಟನ್ ಹಿಂದೆ ಗುಳ್ಳೆ ಏಳುತ್ತದೆ, ಗುಳ್ಳೆಗೆ ಡ್ಯಾಂಪಿಂಗ್, ಅಂದರೆ ಕುಣಿತ ತಡೆಯುವ ಕೆಲಸ, ಬರುವುದಿಲ್ಲ. ಅದಕ್ಕೇ ಹಳೆಯ ಶಾಕ್ ಮೊದಲ ಕೆಲವು ಕಿಲೋಮೀಟರ್ ಪರವಾಗಿಲ್ಲ ಅನಿಸಿ, ಬಿಸಿಯಾದ ಮೇಲೆ ಕುಣಿಯಲು ಶುರು ಮಾಡುತ್ತದೆ. ಟೈರ್ ಗೇಜ್ ಹಾಕಿ ಒತ್ತಡ ನೋಡುವ ಅಭ್ಯಾಸ ಬಿಡಿ. ಗ್ಯಾಸ್ ಜಾಗ ತೀರಾ ಚಿಕ್ಕದು, ಗೇಜ್ ಒಳಗೆ ಹೋಗುವ ಗ್ಯಾಸ್‌ಗೇ ಒತ್ತಡ ಬಿದ್ದುಹೋಗುತ್ತದೆ.

ರಾಡ್‌ನ ಕ್ರೋಮ್ ಮೇಲೆ ಚುಕ್ಕಿ ತುಕ್ಕು ಇದ್ದರೆ ಹೊಸ ಸೀಲ್ ಹಾಕಿ ಪ್ರಯೋಜನ ಇಲ್ಲ, ಮೊದಲು ರಾಡ್ ಸರಿಯಾಗಬೇಕು. ಕಾರ್ಖಾನೆ ಶಾಕ್‌ಗಳಲ್ಲಿ ರಾಡ್ ತುದಿಯನ್ನು ಹೊಡೆದು ನಟ್ಟು ಲಾಕ್ ಮಾಡಿರುತ್ತಾರೆ, ಅದನ್ನು ಅರ ಹಾಕಿ ಉಜ್ಜಿ ತೆಗೆದ ಮೇಲೆಯೇ ನಟ್ಟು ತಿರುಗಿಸಬೇಕು. ಶಿಮ್‌ಗಳನ್ನು, ಅಂದರೆ ಎಣ್ಣೆಯ ಹರಿವನ್ನು ತಡೆಯುವ ತೆಳು ಬಿಲ್ಲೆಗಳನ್ನು, ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿ. ಕೈಗೆ ಎಲ್ಲ ಒಂದೇ ಥರ ಅನಿಸುತ್ತವೆ. ಆದರೆ ದಪ್ಪ ಎರಡರಷ್ಟಾದರೆ ಗಡುಸು ಎಂಟರಷ್ಟು. 0.20 ಮಿಮೀ ಶಿಮ್ ಒಂದು, ಅದೇ ಅಗಲದ 0.10 ಮಿಮೀ ಶಿಮ್ ಎಂಟಕ್ಕೆ ಸಮ. ಮೈಕ್ರೋಮೀಟರ್‌ನಲ್ಲಿ ಒಂದೊಂದನ್ನೂ ಅಳೆದು ಬರೆಯುವುದು ಅದಕ್ಕೇ. ಎಣ್ಣೆ ಕೊಳ್ಳುವಾಗ ಡಬ್ಬದ ಮೇಲಿನ 2.5, 5 ಅನ್ನುವ ಅಂಕಿ ನೋಡಿ ಮೋಸ ಹೋಗಬೇಡಿ. ಒಂದು ಕಂಪನಿಯ 5 ಇನ್ನೊಂದರ 5ಕ್ಕೆ ಸಮ ಇರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆ ಎಷ್ಟು ಮಂದ ಅನ್ನುವ ಅಳತೆ) ಅಂತ ನೋಡಿ ಹೋಲಿಸಬೇಕು.

ಎಲ್ಲ ಜೋಡಿಸಿದ ಮೇಲೆ ಅದೇ ಟೇಪ್, ಅದೇ ಗುರುತು. ಆ 600ರಲ್ಲಿ ವ್ಯತ್ಯಾಸ 14ರಿಂದ 3 ಮಿಮೀಗೆ ಇಳಿಯಿತು, ಶಾಕ್ ಅದೇ. ಕ್ಲಿಕ್ಕರ್‌ಗಳನ್ನು ಶಾಕ್ ಜೊತೆ ಬಂದ ಹಾಳೆಯ ಪ್ರಕಾರ ವಾಪಸ್ ಇಟ್ಟೆವು, ಅಷ್ಟೇ. ರಸ್ತೆಯ ಸ್ಪೋರ್ಟ್ಸ್ ಬೈಕ್‌ಗೆ ಸವಾರ ಕೂತಾಗ ಹಿಂದೆ 30–35 ಮಿಮೀ ಸ್ಯಾಗ್, ಬರೀ ಬೈಕ್ ನಿಂತಾಗ 5–10 ಮಿಮೀ ಇದ್ದರೆ ನನಗೆ ಸಮಾಧಾನ. ಸವಾರನ ಸ್ಯಾಗ್ ಸರಿ ಬಂದು ಬರೀ ಬೈಕ್ ಒಂದಿಷ್ಟೂ ಕೂರದಿದ್ದರೆ ಸ್ಪ್ರಿಂಗ್ ಗಟ್ಟಿ ಅಂತ ಅನಿಸುತ್ತದೆ. ನಿಜ ಅದರ ಉಲ್ಟಾ. ಸ್ಪ್ರಿಂಗ್ ಆ ಸವಾರನಿಗೆ ಮೆದು, ಅದನ್ನು ಪ್ರೀಲೋಡ್ ಕೊಟ್ಟು ಕೊಟ್ಟು, ಅಂದರೆ ಮೊದಲೇ ಒತ್ತಿಟ್ಟು, ಎತ್ತಿ ಹಿಡಿಯಲಾಗಿದೆ. ಹಳೆಯ ಬೈಕ್ ಕೈ ಬದಲಾಗುತ್ತ ಬಂದಿರುತ್ತದೆ, ಹಿಂದಿನ ಮಾಲೀಕರ ತೂಕಕ್ಕೆ ಹಾಕಿದ ಸ್ಪ್ರಿಂಗ್ ಇವರಿಗೆ ಹೊಂದಲೇಬೇಕೆಂದೇನೂ ಇಲ್ಲ.

ಚೈನ್ ಬಿಗಿಯನ್ನು ಇದಾದ ಮೇಲೆ ನೋಡಬೇಕು, ಮುಂಚೆ ಅಲ್ಲ. ಹಿಂಭಾಗದ ಎತ್ತರ ಬದಲಾದರೆ ಚೈನ್ ಸಡಿಲವೂ ಬದಲಾಗಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೈಕ್ ವಾಪಸ್ ತರಲು ಹೇಳುತ್ತೇನೆ, ಬೋಲ್ಟ್‌ಗಳ ಟಾರ್ಕ್, ಸ್ಯಾಗ್ ಎರಡನ್ನೂ ಮತ್ತೆ ನೋಡುತ್ತೇನೆ. ಆಮೇಲೆ ಲಿಂಕೇಜ್‌ಗೆ ಗ್ರೀಸ್ ಹಾಕಲು ಬೇರೆ ದಿನ ಹುಡುಕುವುದು ಬೇಡ. ಹಿಂದಿನ ಟೈರ್ ಬದಲಾಯಿಸುವಾಗ ಚಕ್ರ ಹೇಗೂ ಹೊರಗಿರುತ್ತದೆ, ಆಗಲೇ ರಾಕರ್ ಬಿಚ್ಚಿ ಕಾಲರ್‌ಗಳನ್ನು ಒರೆಸಿ ನೋಡಿ, ಹೊಸ ಗ್ರೀಸ್ ತುಂಬಿ.