ಯೂರಿಕ್ ಆಸಿಡ್ ನಾರ್ಮಲ್ ಇದೆ, ಆದರೆ ಶುಗರ್ ಎಷ್ಟಿದೆ?

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ನಾನು. ರಿಪೋರ್ಟ್ ಕೈಗೆ ಬಂದ ತಕ್ಷಣ ಜನ ಹುಡುಕುವುದು ಮಿತಿ ಮೀರಿದ್ದನ್ನು ತೋರಿಸುವ ದಪ್ಪ ಅಕ್ಷರ ಎಲ್ಲಿದೆ ಅಂತ. ಉಳಿದ ಸಾಲೆಲ್ಲ ಪಾಸ್ ಅಂತಲೇ ಲೆಕ್ಕ. ಶುಗರ್ ಇರುವವರಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಐವತ್ತು ದಾಟಿದ ಅಡಿಕೆ ವ್ಯಾಪಾರಿಯೊಬ್ಬರು ಬಂದಿದ್ದರು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 11ರ ಮೇಲೆ. ಅವರಿಗೆ ಅದರ ಚಿಂತೆಯೇ ಇಲ್ಲ. "ಊಟ ಬಿಡದೇನೆ ಎಂಟು ಕೆಜಿ ಇಳಿದಿದ್ದೀನಮ್ಮಾ, ಯೂರಿಕ್ ಆಸಿಡ್ ನೋಡು, 4.1, ನಾರ್ಮಲ್!" ಅಂದರು. ಯೂರಿಕ್ ಆಸಿಡ್ ಅಂದರೆ ಮೈಯಲ್ಲಿ ತಯಾರಾಗಿ ಮೂತ್ರದಲ್ಲಿ ಹೋಗುವ ಕಸ, ಜಾಸ್ತಿಯಾದರೆ ಕೀಲುನೋವು ತರಬಹುದು. ಆದರೆ ಅವರ ರಕ್ತವನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ ತೆಗೆದಾಗ ಸೀರಂ (ರಕ್ತಕಣ ಬೇರೆಯಾದ ಮೇಲೆ ಉಳಿಯುವ ತಿಳಿ) ಹಾಲು ಬೆರೆಸಿದ ನೀರಿನಂತಿತ್ತು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 600 ದಾಟಿತ್ತು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಸಾಲು ಖಾಲಿ. ದುಡ್ಡು ತಗೊಂಡು ಖಾಲಿ ಬಿಟ್ಟಿದ್ದೀರಲ್ಲಾ ಅಂತ ಅದಕ್ಕೊಂದು ಜಗಳ. ಎಷ್ಟೋ ಲ್ಯಾಬುಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಪೂರ್ತಿ, ಜೊತೆಗೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದು ಬರೆಯುತ್ತೇವೆ. 1972ರ ಫ್ರೀಡ್‌ವಾಲ್ಡ್ ಸೂತ್ರ ಅದು. ಟ್ರೈಗ್ಲಿಸರೈಡ್ 400 ದಾಟಿದರೆ ಅದನ್ನು ನಂಬುವ ಹಾಗಿಲ್ಲ.

ತೂಕದ ಕಥೆ ಬೇರೆ. ಇನ್ಸುಲಿನ್ ಸಾಕಷ್ಟು ಕೆಲಸ ಮಾಡದಿದ್ದಾಗ ತಿಂದ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಮೈ ತನ್ನದೇ ಕೊಬ್ಬು, ಸ್ನಾಯು ಕರಗಿಸಿಕೊಳ್ಳುತ್ತದೆ. ಮೂತ್ರದಲ್ಲಿ ಸಕ್ಕರೆ ಜಾಸ್ತಿ ಹೋಗುವಾಗ ಯೂರಿಕ್ ಆಸಿಡ್ ಕೂಡ ಜೊತೆಗೇ ಹೊರಗೆ ಹೋಗುತ್ತದೆ. ಅಂದರೆ ಅವರು ಖುಷಿಪಟ್ಟ ಎರಡೂ ನಂಬರ್ ಶುಗರ್ ಕೆಟ್ಟಿದ್ದರಿಂದಲೇ ಚೆನ್ನಾಗಿ ಕಂಡಿದ್ದು.

ಡಾಕ್ಟರ್ ಮಾತ್ರೆ ಶುರು ಮಾಡಿದರು. ಕೆಲವು ತಿಂಗಳ ಮೇಲೆ ಯಜಮಾನರು ಸಿಟ್ಟಿನಲ್ಲೇ ಬಂದರು. ಎಚ್‌ಬಿಎ1ಸಿ 7ರ ಹತ್ತಿರ, ಟ್ರೈಗ್ಲಿಸರೈಡ್ 200ರ ಆಸುಪಾಸು, ಎಲ್‌ಡಿಎಲ್ ಸಾಲೂ ತುಂಬಿತ್ತು. ಆದರೆ ಹೋದ ತೂಕದಲ್ಲಿ ಅರ್ಧ ವಾಪಸ್ ಬಂದಿತ್ತು, ಯೂರಿಕ್ ಆಸಿಡ್ 7.4, ಅದೂ ದಪ್ಪ ಅಕ್ಷರದಲ್ಲಿ. "ಮಾತ್ರೆ ತಗೊಂಡು ಹೊಸ ಕಾಯಿಲೆ ತಂದ್ಕೊಂಡೆ" ಅಂತ ಗೊಣಗಿದರು. ಮಾತ್ರೆ ಬಿಡುವ ಯೋಚನೆಯಲ್ಲಿದ್ದರು ಅಂತ ಕಾಣುತ್ತೆ.

ಹೊಟ್ಟೆಯ ಕೊಬ್ಬಿನಿಂದ ಇನ್ಸುಲಿನ್ ಸರಿಯಾಗಿ ನಾಟದವರ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುತ್ತದೆ, ಅದು ಯೂರಿಕ್ ಆಸಿಡ್ ಹೊರಹೋಗದಂತೆ ಕಿಡ್ನಿಯಲ್ಲಿ ತಡೆಯುತ್ತದೆ. ಅದೇ ಮೈಯಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಸಕ್ಕರೆ ಸೋರುವುದು ನಿಂತ ಮೇಲೆ ಅವರ ಮೈಯ ಅಸಲಿ ಲೆಕ್ಕ ಕಾಣಿಸಿತು, ಅಷ್ಟೇ. ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆ, ಕಡಿಮೆ ಡೋಸಿನ ಆಸ್ಪಿರಿನ್ ಕೂಡ ಯೂರಿಕ್ ಆಸಿಡ್ ಏರಿಸುತ್ತವೆ. ಡಾಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆ ಇಳಿಸುತ್ತದೆ. ಹಾಗಾಗಿ ಮಾತ್ರೆ ಚೀಟಿ ತನ್ನಿ ಅಂತ ಹೇಳುತ್ತೇನೆ.

ಈಗ ಹಳೇ ರಿಪೋರ್ಟ್ ಇದ್ದರೆ ಹೊಸದಕ್ಕೆ ಪಿನ್ ಹೊಡೆದೇ ಕೊಡುತ್ತೇನೆ, ಡಾಕ್ಟರು ಎರಡನ್ನೂ ನೋಡಲಿ ಅಂತ. ತೂಕ ಇಳಿದಿದೆ ಅಂದವರಿಗೆ ಒಂದೇ ಪ್ರಶ್ನೆ: ನೀವು ಇಳಿಸಿದ್ದಾ, ತಾನಾಗೇ ಇಳಿದಿದ್ದಾ? ಸೊಂಟದ ಅಳತೆಯನ್ನೂ ಕೇಳುತ್ತೇನೆ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ತಕ್ಕಡಿ ಏನೇ ಹೇಳಲಿ, ಹೊಟ್ಟೆ ಜಾಸ್ತಿ ಅಂತಲೇ ಅರ್ಥ.

ಇನ್ನೊಂದು. ಏಕಾದಶಿ ಉಪವಾಸ ಮಾಡಿ ಮರುದಿನ ಬೆಳಗ್ಗೆ ಹಾಗೇ ಬರುವವರಿದ್ದಾರೆ. ದಿನಗಟ್ಟಲೆ ಹೊಟ್ಟೆ ಖಾಲಿ ಇಟ್ಟರೆ ಯೂರಿಕ್ ಆಸಿಡ್ ಸುಮ್ನೆ ಏರುತ್ತದೆ, ಶುಗರ್ ಮಾತ್ರೆ ನುಂಗಿದ್ದರೆ ತಲೆಸುತ್ತು ಬೇರೆ. ಹತ್ತು ಹನ್ನೆರಡು ಗಂಟೆ ಸಾಕು. ನೀರು ಕುಡಿದು ಬನ್ನಿ.